ಮೂರನೆಯ ಸಲ ಕೇಳದ ಮನೆ

ಭಾಷೆ ಬಾರದ ಊರಿಗೆ ಹೋಗುವವರು ಏನೇನು ಮಾತು ಕಲಿತಿರಬೇಕು ಎಂದು ಯಾರಾದರೂ ಕೇಳಿದರೆ ಕೊಡಲಿಕ್ಕೆ ನನ್ನ ಹತ್ತಿರ ಒಂದು ಪಟ್ಟಿ ಇದೆ. ಶಾಲೆಯ ಹಳೆಯ ಡೈರಿಯ ಕೊನೆಯ ಎರಡು ಪುಟಗಳಲ್ಲಿ, ಕನ್ನಡ ಅಕ್ಷರದಲ್ಲಿ ಬರೆದ ಇಪ್ಪತ್ತೆರಡು ತಮಿಳು ಮಾತುಗಳು. ನೀರು ಬೇಕು, ಎಷ್ಟು ಕೊಡಬೇಕು, ಬಸ್ಸು ಎಲ್ಲಿ ನಿಲ್ಲುತ್ತದೆ, ಎಡಕ್ಕೆ, ಬಲಕ್ಕೆ, ಸ್ವಲ್ಪ ನಿಧಾನವಾಗಿ ಹೇಳಿ, ಬೇಡ, ಸಾಕು. ನಾನು ಪ್ರಾಥಮಿಕ ಶಾಲೆಯ ಟೀಚರ್. ಪಟ್ಟಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಅಷ್ಟು ಅಚ್ಚುಕಟ್ಟಾದ ಪಟ್ಟಿ ಹಿಡಿದುಕೊಂಡು ಹೋಗಿ ನಾನೂ ನನ್ನ ಅಪ್ಪನೂ ಒಬ್ಬ ಹೆಣ್ಣುಮಗಳ ಮನಸ್ಸನ್ನು ನಾಲ್ಕು ದಿನ ಸುಟ್ಟೆವು. ಐದನೆಯ ದಿನ ಆಕೆ ನಮ್ಮನ್ನು ಕ್ಷಮಿಸಿದಳು. ಅದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಅಪ್ಪ ಶಹಾಬಾದಿನಲ್ಲಿ ಫರಸಿ ಹಾಸುವವನು. ಅಲ್ಲಿಯ ನೆಲದಿಂದ ತೆಗೆದ ಬೂದು ಕಲ್ಲಿನ ಹಾಸುಗಳನ್ನು ಅಂಚು ಕೂಡಿಸಿ, ಮಟ್ಟ ನೋಡಿ, ಮನೆಗಳ ನೆಲಕ್ಕೆ ಹಾಕುವುದು ಅವನ ಕಸುಬು. ಅಪ್ಪನ ಜೊತೆ ಬಸ್ಸಿನಲ್ಲಿ ಕೂತರೆ ಕಿಟಕಿಯ ಹೊರಗೆ ಊರು ಕಾಣುವುದಿಲ್ಲ, ನೆಲಗಳು ಕಾಣುತ್ತವೆ. ಸೇಡಂನಲ್ಲಿ ಆ ಮನೆಯ ಪಡಸಾಲೆ ನನ್ನದು, ಚಿತ್ತಾಪುರದಲ್ಲಿ ಆ ಅಂಗಡಿಯ ಕಟ್ಟೆ ನನ್ನದು, ವಾಡಿಯಲ್ಲಿ ಈ ಓಣಿಯ ಅರ್ಧ ಮನೆಗಳು ನನ್ನವು ಎನ್ನುತ್ತಾನೆ. ನಮ್ಮ ಸ್ವಂತ ಮನೆಯ ಹಿಂದಿನ ಕೋಣೆಗೆ ಮಾತ್ರ ಇವತ್ತಿಗೂ ಬರೀ ಸಿಮೆಂಟು. ಅವ್ವ ಅದನ್ನು ದಿನಕ್ಕೊಂದು ಸಲವಾದರೂ ನೆನಪಿಸುತ್ತಾಳೆ.

ತಮಿಳುನಾಡಿನ ಒಂದು ಹಳ್ಳಿಯಿಂದ ಅವನಿಗೆ ಕೆಲಸ ಬಂದದ್ದು ರೈಲಿನ ದೆಸೆಯಿಂದ. ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ಒಬ್ಬರು ಕೆಲಸದ ದಿನಗಳಲ್ಲಿ ಆಗಾಗ ವಾಡಿಗೆ ಬಂದು, ಒಂದು ನಿದ್ದೆ ಮಾಡಿ ವಾಪಸು ಹೋಗುತ್ತಿದ್ದರಂತೆ. ವಾಡಿಯ ಬಿಸಿಲಿನಲ್ಲಿ ಅವರಿಗೆ ಹಿತವೆನಿಸಿದ್ದು ಒಂದೇ, ಬರಿಗಾಲಿಗೆ ತಣ್ಣಗೆ ತಾಗುವ ಫರಸಿ. ನಿವೃತ್ತಿಯಾದ ಮೇಲೆ ಊರಲ್ಲಿ ಮನೆ ಕಟ್ಟಿಸಿ, ನೆಲಕ್ಕೆ ಅದೇ ಕಲ್ಲು ಬೇಕು, ಹಾಸಲು ಅಲ್ಲಿಯವರೇ ಬೇಕು ಎಂದು ಹಟ ಹಿಡಿದರು. ಕಲ್ಲು ಲಾರಿಯಲ್ಲಿ ಮುಂದೆ ಹೋಯಿತು. ಅಪ್ಪನ ಜೊತೆಗಾರನ ಮನೆಯಲ್ಲಿ ಮದುವೆ ಇತ್ತು. ಅರವತ್ತು ದಾಟಿದ ಗಂಡನನ್ನು ಭಾಷೆ ಬಾರದ ಊರಿಗೆ ಒಬ್ಬನೇ ಕಳಿಸಲು ಅವ್ವ ಒಪ್ಪಲಿಲ್ಲ. ನನಗೆ ಬೇಸಿಗೆ ರಜೆ. ನಾನು ಕಲಿಸುವ ಶಾಲೆ ಚಿಂಚೋಳಿ ತಾಲ್ಲೂಕಿನಲ್ಲಿ, ಕೊಡ್ಲಿಯಿಂದ ಇನ್ನೂ ಆಚೆ. ಅಲ್ಲಿ ಅರ್ಧ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುವವರು. ಹೀಗಾಗಿ ಭಾಷೆ ಬಾರದವರ ನಡುವೆ ಇರುವುದೇ ನನ್ನ ಉದ್ಯೋಗವೆಂದು ಮನೆಯವರೆಲ್ಲ ತೀರ್ಮಾನಿಸಿದರು. ಸೇಡಂನಲ್ಲಿ ಗಂಡ ಮಕ್ಕಳನ್ನು ಬಿಟ್ಟು ಹೊರಟೆ.

ಪಟ್ಟಿ ಬರೆಸಿಕೊಟ್ಟವಳು ವಾಡಿಯ ರೈಲ್ವೆ ಕ್ವಾರ್ಟರ್ಸಿನ ಒಬ್ಬ ತಮಿಳು ಗೆಳತಿ. ನಾನು ಒಂದೊಂದೇ ಕನ್ನಡ ವಾಕ್ಯ ಹೇಳುವುದು, ಅವಳು ತಮಿಳಿನಲ್ಲಿ ಹೇಳುವುದು, ನಾನು ಬರೆದುಕೊಂಡು ಓದುವುದು, ಅವಳು ನಗುವುದು. ಅಪ್ಪ ಪಕ್ಕದಲ್ಲಿ ಚಹಾ ಕುಡಿಯುತ್ತ ಕೂತಿದ್ದ. ನೀನೂ ನಾಲ್ಕು ಮಾತು ಕಲಿತುಕೋ ಎಂದರೆ ತನಗೆ ಒಂದೇ ಸಾಕೆಂದ.

"ನಂಗ ಬ್ಯಾಡ ಅನ್ನೂದೊಂದು ಕಲಸವ್ವ. ಅದೊಂದು ಬಂದ್ರ ಮರ್ಯಾದಿ ಉಳಿತದ."

ಗೆಳತಿ 'ವೇಂಡಾಂ' ಎಂದು ಕಲಿಸಿದಳು. ಅಪ್ಪ ಅದನ್ನು ಮನೆಗೆ ಬರುವ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ.

ನಮ್ಮ ಕಡೆಯ ರೀತಿ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಊಟಕ್ಕೆ ಕರೆದ ಕೂಡಲೇ ಹೂಂ ಎಂದು ಕೂಡುವವರನ್ನು ನಾವು ಮೆಚ್ಚುವುದಿಲ್ಲ. ಮೊದಲ ಸಲ ಕರೆದಾಗ ಈಗ ಉಂಡು ಬಂದೆ ಎನ್ನಬೇಕು, ಹೊಟ್ಟೆಯಲ್ಲಿ ಬೆಕ್ಕು ಪರಚುತ್ತಿದ್ದರೂ. ಎರಡನೆಯ ಸಲ ಕರೆದಾಗ ಬೇಡ ಬಿಡಿ, ನಿಮಗ್ಯಾಕೆ ತ್ರಾಸು ಎನ್ನಬೇಕು. ಮೂರನೆಯ ಸಲ ಅವರು ರಟ್ಟೆ ಹಿಡಿದು ಜಗ್ಗಿ ಕೂಡಿಸುತ್ತಾರೆ. ಆಗ ಸೋತವರ ಮುಖ ಮಾಡಿಕೊಂಡು ಕೂತು ನಾಲ್ಕು ರೊಟ್ಟಿ ಮುಗಿಸಬೇಕು. ಕರೆಯುವವರಿಗೂ ಗೊತ್ತು, ಉಣ್ಣುವವರಿಗೂ ಗೊತ್ತು. ಮೊದಲೆರಡು ಕರೆ ಬಾಯಿಂದ, ಮೂರನೆಯದೇ ಕರುಳಿಂದ ಎಂದು ಅವ್ವ ಹೇಳುತ್ತಾಳೆ.

ಅಪ್ಪನ ಮಟ್ಟಿಗೆ ಇದು ಬರೀ ನಯ ವಿನಯದ ಮಾತಾಗಿರಲಿಲ್ಲ. ಅವನು ಹುಟ್ಟಿದ್ದು ಚಿತ್ತಾಪುರದ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಅಜ್ಜಿ ಊರ ದೊಡ್ಡವರ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಬಾಯಾರಿ ಅವರ ಅಂಗಳದಲ್ಲಿ ನಿಂತರೆ ತಂಬಿಗೆಯನ್ನು ಕೈಗೆ ಕೊಡುತ್ತಿರಲಿಲ್ಲ. ಬೊಗಸೆ ಒಡ್ಡು ಎಂದು ಮೇಲಿಂದ ನೀರು ಹೊಯ್ಯುತ್ತಿದ್ದರು. ಸೆರಗು ಹಿಡಿದು ಹೋಗುತ್ತಿದ್ದ ಮಗನಿಗೆ ಅಜ್ಜಿ ಹೇಳಿಕೊಟ್ಟದ್ದು, ಯಾರ ಮನೆಯ ಮುಂದೆಯೂ ಹಸಿವು ಎನ್ನಬೇಡ, ನೀರಡಿಕೆ ಎನ್ನಬೇಡ, ಬೊಗಸೆ ಒಡ್ಡಬೇಡ. ಆಮೇಲೆ ಅಪ್ಪ ಶಹಾಬಾದಿಗೆ ಬಂದ, ಕಸುಬು ಕಲಿತ, ಮನೆ ಮಾಡಿದ. ನಮ್ಮ ಗೋಡೆಯ ಮೇಲೆ ಬುದ್ಧನ ಫೋಟೊ ಬಂತು, ಅದರ ಪಕ್ಕದಲ್ಲಿ ನೀಲಿ ಕೋಟು, ದುಂಡು ಕನ್ನಡಕ ಹಾಕಿ, ಎದೆಗೆ ದಪ್ಪ ಪುಸ್ತಕ ಹಿಡಿದವರ ಫೋಟೊ ಬಂತು. ನಾನು ಟೀಚರ್ ಆದೆ. ಎಲ್ಲ ಬದಲಾದರೂ ಅಜ್ಜಿ ಹೇಳಿಕೊಟ್ಟದ್ದು ಬದಲಾಗಲಿಲ್ಲ.

ವಾಡಿಯಲ್ಲಿ ರೈಲು ಹತ್ತಿ, ಚೆನ್ನೈನಲ್ಲಿ ಬದಲಿಸಿ, ಆಮೇಲೆ ಎರಡು ಬಸ್ಸು ಹಿಡಿದು ಹಳ್ಳಿ ಮುಟ್ಟಿದೆವು. ಅವ್ವ ಕಟಕಟಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಣ ಖಾರ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದಳು. ಬಸ್ಸು ಇಳಿದ ಜಾಗದಿಂದ ಗಾರ್ಡ್ ಅವರ ಓಣಿ ಊರಿನಿಂದ ಸ್ವಲ್ಪ ಬೇರೆಯಾಗಿಯೇ ಇತ್ತು, ನಡುವೆ ಒಂದು ಬಯಲು. ನಾನು ಹುಟ್ಟಿ ಬೆಳೆದದ್ದೂ ಅಂಥ ಓಣಿಯಲ್ಲೇ ಆದ್ದರಿಂದ ಅದು ವಿಶೇಷವೆಂದು ನನಗೆ ಹೊಳೆಯಲಿಲ್ಲ. ಗಾರ್ಡ್ ಅವರು ಅಪ್ಪನ ಕೈ ಹಿಡಿದು ಹಿಂದಿಯಲ್ಲಿ ಬರಮಾಡಿಕೊಂಡರು, ಕಲ್ಲಿನ ಅಟ್ಟಿ ತೋರಿಸಿದರು, ನಮಗೆಂದು ಹೊರಗಿನ ಕೋಣೆ ಬಿಟ್ಟುಕೊಟ್ಟರು. ಪೆನ್ಷನ್ನಿನ ಕಾಗದಪತ್ರದ ಕೆಲಸಕ್ಕೆ ಅವರು ಅಂದೇ ಚೆನ್ನೈಗೆ ಹೊರಡಬೇಕಿತ್ತು. ಒಂದು ವಾರದಲ್ಲಿ ಬರುತ್ತೇನೆ, ಮನೆಯಲ್ಲಿ ಹೆಂಡತಿ ಇದ್ದಾಳೆ, ನಿಮಗೇನೂ ಕೊರತೆ ಮಾಡುವುದಿಲ್ಲ ಎಂದು ಹೇಳಿ ಹೋದರು. ಅವರ ಜೊತೆ ನಮ್ಮ ಹಿಂದಿಯೂ ಹೋಯಿತು.

ಆ ಹೆಂಡತಿಗೆ ನನಗಿಂತ ಹದಿನೈದು ವರ್ಷ ಹೆಚ್ಚಿರಬಹುದು. ತಮಿಳು ಬಿಟ್ಟು ಬೇರೆ ಮಾತು ಬಾರದು. ಸಂಜೆ ನಮ್ಮ ಕೋಣೆಯ ಬಾಗಿಲಿಗೆ ಬಂದು, ಊಟ ಮಾಡುತ್ತೀರಾ ಎಂದು ಕೇಳಿದಳು. ಅದು ನನ್ನ ಪಟ್ಟಿಯ ಒಂಬತ್ತನೆಯ ಸಾಲಾಗಿದ್ದರಿಂದ ನನಗೆ ತಿಳಿಯಿತು. ಅಪ್ಪ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ದಾರಿಯುದ್ದಕ್ಕೂ ಕಲಿತದ್ದನ್ನು ಹೇಳಿದ. "ವೇಂಡಾಂಮ್ಮಾ." ಉಚ್ಚಾರ ಎಷ್ಟು ಚೆನ್ನಾಗಿ ಬಂತೆಂದರೆ ನಾನು ಹೆಮ್ಮೆಪಟ್ಟೆ. ಆಕೆ ಒಳಗೆ ಹೋದಳು. ನಾವು ರೊಟ್ಟಿ ಬಿಚ್ಚಿ ತಿಂದು ಮಲಗಿದೆವು.

ಮರುದಿನ ಮಧ್ಯಾಹ್ನ ಆಕೆ ಮತ್ತೆ ಬಂದಳು. ನನ್ನ ಫೋನಿನಲ್ಲಿ ಅನುವಾದ ಮಾಡುವ ಆ್ಯಪ್ ಇತ್ತು. ಅದನ್ನು ಮುಂದೆ ಹಿಡಿದೆ. ಆಕೆ ಹೇಳಿದ್ದು ಕನ್ನಡದಲ್ಲಿ ಬಂತು, ನಮ್ಮ ಮನೆಯ ಊಟ ನಿಮಗೆ ಬೇಡವೇ. ಅಪ್ಪ ನನ್ನ ಕಡೆ ನೋಡಿ, ಇದು ಎರಡನೆಯದು ಎಂಬ ಹಾಗೆ ಕಣ್ಣಿನಲ್ಲೇ ಲೆಕ್ಕ ಹಾಕಿದ. ಬೇಡ, ತೊಂದರೆ ತೆಗೆದುಕೊಳ್ಳಬೇಡಿ ಎಂದು ನಾನು ಹೇಳಿದೆ. ಫೋನು ಅದನ್ನು ಒಂದಕ್ಷರ ತಪ್ಪಿಲ್ಲದೆ ತಮಿಳಿನಲ್ಲಿ ನುಡಿಯಿತು. ಅದು ಏನಾದರೂ ಎಡವಟ್ಟು ಮಾಡಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.

ಮೂರನೆಯ ದಿನ ಅಪ್ಪ ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಬಹಳ ಹೊತ್ತು ಕೈಕಾಲು ತೊಳೆದ. ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಅಡಿಗೆಮನೆಯ ಬಾಗಿಲು ಎದುರಿಗೇ ಇತ್ತು. ಮನೆಯಾಕೆ ಒಳಗಿಂದ ಬಂದಳು. ಗಾರೆ ಕಲಸಲು ಬರುತ್ತಿದ್ದ ಅದೇ ಓಣಿಯ ಇಬ್ಬರು ಕೂಲಿಯವರಿಗೆ ಎಲೆ ಹಾಕಿ ಅನ್ನ ಸಾರು ಬಡಿಸಿದಳು, ಲೋಟದಲ್ಲಿ ನೀರಿಟ್ಟಳು, ನಮ್ಮ ಕಡೆ ತಿರುಗದೆ ಒಳಗೆ ಹೋದಳು. ನುಗ್ಗೆಕಾಯಿ ಸಾರಿನ ವಾಸನೆ ಅಂಗಳದ ತುಂಬ. ಇವತ್ತು ಮರ್ತಿರಬೇಕು, ನಾಳೆ ಕರೀತಾಳ ಎಂದು ಅಪ್ಪ ನನಗೆ ಸಮಾಧಾನ ಹೇಳಿದ.

ನಾಳೆ ಬಂತು, ಕರೆ ಬರಲಿಲ್ಲ. ಬದಲಿಗೆ ಆಕೆಯ ಮುಖವೇ ಮುಚ್ಚಿಕೊಂಡಿತು. ನಾನು ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಕೂಲಿಯವರು ನಮ್ಮನ್ನು ನೋಡಿ ತಮ್ಮೊಳಗೆ ಏನೋ ಮಾತಾಡಿಕೊಳ್ಳುತ್ತಿದ್ದರು. ನೀರು ಬದಲಾದರೆ ಹೊಟ್ಟೆ ಕೆಡುತ್ತದೆಂದು ನಾನು ಮೊದಲ ದಿನದಿಂದಲೇ ಬಸ್ ನಿಲ್ದಾಣದ ಅಂಗಡಿಯ ಬಾಟಲಿ ನೀರು ತರುತ್ತಿದ್ದೆ. ಅಪ್ಪನಿಗೂ ಅದನ್ನೇ ಕುಡಿಸುತ್ತಿದ್ದೆ. ರೊಟ್ಟಿ ಮುಗಿದ ಮೇಲೆ ಅದೇ ಅಂಗಡಿಯ ಬನ್ನು, ಬಾಳೆಹಣ್ಣು. ದಿನವಿಡೀ ಕಲ್ಲು ಎತ್ತಿ ಇಳಿಸುವ ಮನುಷ್ಯ ಬನ್ನಿನ ಮೇಲೆ ಎಷ್ಟು ದಿನ ನಿಂತಾನು. ಅಪ್ಪ ಬಗ್ಗಿ ಎದ್ದಾಗಲೆಲ್ಲ ಗೋಡೆ ಹಿಡಿಯುತ್ತಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನಾವು ಬಾಯಿಗೆ ನಾವೇ ಬೀಗ ಹಾಕಿಕೊಂಡು ಸುಗ್ಗಿಯ ಮನೆಯಲ್ಲಿ ಉಪವಾಸ ಬಿದ್ದಿದ್ದೆವು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅಂದು ಡೈರಿಯಲ್ಲಿ, ಪಟ್ಟಿಯ ಕೆಳಗೆ, ಇವರು ಮನುಷ್ಯತ್ವ ಇಲ್ಲದ ಜನ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಆ ಸಾಲನ್ನು ನಾನು ಹೊಡೆದುಹಾಕಿಲ್ಲ. ನನ್ನ ಬುದ್ಧಿ ಎಷ್ಟು ದೂರ ಓಡುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ಇರಲಿ ಎಂದು ಬಿಟ್ಟಿದ್ದೇನೆ.

ಐದನೆಯ ದಿನ ಬೆಳಿಗ್ಗೆ ಗಾರ್ಡ್ ಅವರ ಫೋನು ಬಂತು. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ನಡುಮನೆ ಮುಗಿಸಿ ನೀವು ಊರಿಗೆ ಹೊರಡಿ, ಅಡಿಗೆಮನೆಗೆ ಕಲ್ಲು ಹಾಸುವುದು ಬೇಡ ಎಂದರು. ಯಾಕೆಂದು ಅಪ್ಪ ಕೇಳಿದ. ಮನೆಯಾಕೆಗೆ ಬೇಡವಂತೆ, ಅಷ್ಟೇ ಎಂದು ಫೋನು ಇಟ್ಟರು.

ಅಪ್ಪನನ್ನು ಆ ಬೆಳಿಗ್ಗೆ ನೋಡಿದ ಹಾಗೆ ನಾನು ಎಂದೂ ನೋಡಿಲ್ಲ. ಇಷ್ಟು ವರ್ಷದಲ್ಲಿ ಅವನ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಹೋಗು ಎಂದವರಿಲ್ಲ. ತಾನು ಹಾಸಿದ ನೆಲದಲ್ಲೇ ಏನೋ ದೋಷವಿದೆ ಎಂದು ಅವನಿಗೆ ಖಾತ್ರಿಯಾಯಿತು. ಮೊಣಕಾಲೂರಿ ಕೂತು, ನಾಲ್ಕು ದಿನ ಹಾಕಿದ ಒಂದೊಂದು ಕಲ್ಲನ್ನೂ ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದ. ಕೆಳಗೆ ಗಾರೆ ಕೂಡದೆ ಪೊಳ್ಳು ಉಳಿದಿದ್ದರೆ ಸಪ್ಪಳದಲ್ಲಿ ಗೊತ್ತಾಗುತ್ತದೆ. ಎಲ್ಲೂ ಪೊಳ್ಳು ಇರಲಿಲ್ಲ. ಮತ್ತೆ ಬಾಗಿಲಿನಿಂದ ಶುರುಮಾಡಿ ಇನ್ನೊಂದು ಸಲ ಬಡಿದ. ಅಡಿಗೆಮನೆಗೆಂದು ಗೀರಿಲ್ಲದ, ಒಂದೇ ಬಣ್ಣದ ಕಲ್ಲುಗಳನ್ನು ಆರಿಸಿ ಅವನು ಬೇರೆಯಾಗಿ ಇಟ್ಟುಕೊಂಡಿದ್ದ. ಅಡಿಗೆಮನೆ ಬಿಟ್ಟು ನೆಲ ಹಾಸಿದೆ ಎಂದು ಶಹಾಬಾದಿನಲ್ಲಿ ಯಾರ ಎದುರಿಗೆ ಹೇಳಲಿ ಎಂದ. ನನಗೆ ಆ ಮನೆಯಾಕೆಯ ಮೇಲೆ ಎಲ್ಲಿಲ್ಲದ ಕೋಪ ಬಂತು.

ಹೇಗೂ ನಡುಮನೆ ಮುಗಿಸಬೇಕಿತ್ತು. ಮೂಲೆಯಲ್ಲಿ ಒಂದು ಬೆಂಚಿನ ಮೇಲೆ ಮನೆಯ ಸಾಮಾನು ಒಟ್ಟಿ, ಧೂಳು ಕೂಡದಂತೆ ಹಳೆಯ ಸೀರೆ ಹೊದಿಸಿದ್ದರು. ಕಲ್ಲು ಹಾಸಲು ಅದನ್ನು ಸರಿಸಬೇಕು. ನಾನು ಸಿಟ್ಟಿನಲ್ಲೇ ಸೀರೆ ಎಳೆದೆ. ಗೋಡೆಯ ಕಡೆ ಮುಖ ಮಾಡಿ ಒರಗಿಸಿಟ್ಟ ಒಂದು ದೊಡ್ಡ ಫೋಟೊ ಜಾರಿತು. ಬೀಳದ ಹಾಗೆ ಹಿಡಿದು ತಿರುಗಿಸಿದೆ. ನೀಲಿ ಕೋಟು, ದುಂಡು ಕನ್ನಡಕ, ಎದೆಗೆ ದಪ್ಪ ಪುಸ್ತಕ. ಕೆಳಗಿನ ಅಕ್ಷರ ಮಾತ್ರ ತಮಿಳು. ಉಳಿದದ್ದೆಲ್ಲ ಶಹಾಬಾದಿನಲ್ಲಿ ನಮ್ಮ ಬಾಗಿಲಿಗೆ ಎದುರಾಗಿ ತೂಗುವ ಫೋಟೊವೇ.

ಊರಿನಿಂದ ಬೇರೆಯಾದ ಓಣಿ, ನಡುವಿನ ಬಯಲು, ಈಗ ಕಣ್ಣಿಗೆ ಕಂಡವು. ಎಲ್ಲಿಂದಲೋ ಬಂದ ಇಬ್ಬರು ಈ ಮನೆಯಲ್ಲಿ ನಾಲ್ಕು ದಿನ ಇದ್ದಾರೆ. ಅನ್ನ ಬೇಡ ಅಂದಿದ್ದಾರೆ. ನೀರನ್ನು ಸಹ ಊರೊಳಗಿನ ಅಂಗಡಿಯಿಂದ ತಂದು ಕುಡಿಯುತ್ತಿದ್ದಾರೆ. ಮನೆಯಾಕೆ ಏನು ತಿಳಿದಿರಬೇಕು. ನಾನಾಗಿದ್ದರೆ ಏನು ತಿಳಿಯುತ್ತಿದ್ದೆ. ನಾನಾಗಿದ್ದರೆ ಎರಡನೆಯ ದಿನವೇ ಇವರ ಗಂಟುಮೂಟೆ ಅಂಗಳಕ್ಕೆ ಎಸೆಯುತ್ತಿದ್ದೆ. ಆಕೆ ನಾಲ್ಕು ದಿನ ತಾಳಿಕೊಂಡಿದ್ದಳು. ಕೊನೆಗೆ ಕೇಳಿಕೊಂಡದ್ದು ಇಷ್ಟೇ, ನನ್ನ ಅಡಿಗೆಮನೆಗೆ ಮಾತ್ರ ಇವರು ಕಾಲಿಡುವುದು ಬೇಡ.

ಅಪ್ಪನನ್ನು ಕರೆದು ಫೋಟೊ ತೋರಿಸಿದೆ. ಹೆಚ್ಚು ಹೇಳಬೇಕಾಗಲಿಲ್ಲ. ಕೈಯಲ್ಲಿ ಕರಣಿ ಹಿಡಿದೇ ಬಂದಿದ್ದ. ಕರಣಿಯ ಮೇಲಿನ ಗಾರೆ ಹೊಸ ನೆಲದ ಮೇಲೆ ಬಿತ್ತು, ಅವನು ನೋಡಲಿಲ್ಲ.

"ನಮ್ಮವ್ವಗ ಅವರು ಮಾಡಿದ್ದು, ನಾ ಈ ತಂಗಿಗಿ ಮಾಡೀನಲ್ಲವ್ವ," ಅಂದ.

ಆಮೇಲೆ ಹಸಿವಾಗಿದೆ ಎನ್ನಲು ತಮಿಳಿನಲ್ಲಿ ಏನನ್ನುತ್ತಾರೆ ಎಂದು ಕೇಳಿದ. ಡೈರಿ ತೆಗೆದು ಪಟ್ಟಿಯ ಮೇಲಿಂದ ಕೆಳಗೆ ಬೆರಳಾಡಿಸಿದೆ. ಇಪ್ಪತ್ತೆರಡು ಮಾತಿನಲ್ಲಿ ಅದು ಇರಲಿಲ್ಲ. ವಾಡಿಯ ಗೆಳತಿ ಹೇಳಿಕೊಡಲು ತಯಾರಿದ್ದಳು, ನಾನು ಕೇಳಿರಲೇ ಇಲ್ಲ. ದಾರಿ ಕೇಳುವುದು, ದರ ಕೇಳುವುದು, ಬೇಡ ಎನ್ನುವುದು, ಸಾಕು ಎನ್ನುವುದು, ಎಲ್ಲ ಇತ್ತು. ಅಜ್ಜಿಯ ಪಾಠ ನನಗೂ ಅಷ್ಟು ಚೆನ್ನಾಗಿ ಬಂದಿತ್ತು. ನೀರು ಬೇಕು ಎಂಬುದಿದೆ ಎಂದು ಹೇಳಿಕೊಟ್ಟೆ. ನಾನು ಫೋನು ಹುಡುಕುವಷ್ಟರಲ್ಲಿ ಅಪ್ಪ ಕೈ ತೊಳೆದುಕೊಂಡು ಅಡಿಗೆಮನೆಯ ಕಡೆ ಹೊರಟೇಬಿಟ್ಟ.

ಆಕೆ ಒಲೆಯ ಮುಂದೆ ಇದ್ದಳು. ಅಪ್ಪ ಹೊಸ್ತಿಲ ಹೊರಗೆ ನಿಲ್ಲಲಿಲ್ಲ. ಒಳಗೆ ಹೋಗಿ, ಇನ್ನೂ ಕಲ್ಲು ಕಾಣದ ಆ ಮಣ್ಣಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. "ತಣ್ಣಿ ವೇಣುಂ, ತಂಗೀ," ಎಂದ.

ಆಕೆ ತಿರುಗಿ ನೋಡಿದಳು. ಮೂಲೆಯ ಕೊಡದಿಂದ ಸ್ಟೀಲಿನ ಲೋಟದಲ್ಲಿ ನೀರು ತುಂಬಿದಳು. ಆದರೆ ಕೊಡಲಿಲ್ಲ, ಲೋಟ ಹಿಡಿದುಕೊಂಡೇ ನಿಂತಳು. ಅಪ್ಪ ಬೊಗಸೆ ಒಡ್ಡಲಿಲ್ಲ. ಒಂದೇ ಕೈ ಚಾಚಿದ, ತಂಗಿಯ ಮನೆಗೆ ಬಂದ ಅಣ್ಣ ಚಾಚುವ ಹಾಗೆ. ಆಕೆ ಲೋಟವನ್ನು ಆ ಕೈಗೆ ಕೊಟ್ಟಳು. ನಮ್ಮಲ್ಲಿ ಪರರ ಮನೆಯ ಲೋಟವನ್ನು ಎತ್ತಿ ಕುಡಿಯುವುದೇ ರೂಢಿ. ಅಪ್ಪ ತುಟಿಗೆ ಹಚ್ಚಿ, ಮನೆಯವರ ಹಾಗೆ, ತಳದವರೆಗೂ ಕುಡಿದ. ಖಾಲಿ ಲೋಟ ಮುಂದೆ ಹಿಡಿದ. ಆಕೆ ಮತ್ತೆ ತುಂಬಿಕೊಟ್ಟಳು, ಅದನ್ನೂ ಕುಡಿದ. ಆಮೇಲೆ ಹೊಟ್ಟೆಯ ಮೇಲೆ ಅಂಗೈ ಇಟ್ಟು ತನ್ನದೇ ಮಾತಿನಲ್ಲಿ ಹೇಳಿದ.

"ಹಸಿವ್ಯಾಗ್ಯಾದವ್ವ. ನಾಕ್ ದಿನದಿಂದ ಭಾಳ ಹಸಿವ್ಯಾಗ್ಯಾದ."

ನಾನು ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ, ಅವ್ವನ ಎದುರಿಗೆ ಸಹ, ಆ ಮಾತು ಕೇಳಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ನಡುಮನೆಗೆ ಓಡಿ ಆ ಫೋಟೊ ಎತ್ತಿಕೊಂಡು ಬಂದೆ. ಮಗಳ ಹುಟ್ಟುಹಬ್ಬದಲ್ಲಿ ಶಹಾಬಾದಿನ ಮನೆಯಲ್ಲಿ ತೆಗೆದ ಚಿತ್ರವೊಂದು ನನ್ನ ಫೋನಿನಲ್ಲಿತ್ತು. ಅಪ್ಪ, ಅ‍ವ್ವ, ಕೇಕು, ಹಿಂದಿನ ಗೋಡೆಯ ಮೇಲೆ ಅದೇ ನೀಲಿ ಕೋಟು. ಎರಡನ್ನೂ ಆಕೆಯ ಮುಂದೆ ಹಿಡಿದೆ. ಆಕೆ ಚಿತ್ರವನ್ನು ನೋಡಿದಳು, ಕೂತಿದ್ದ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಹಣೆ ಬಡಿದುಕೊಂಡಳು. ಆಮೇಲೆ ಶುರುವಾಯಿತು ಬೈಗುಳ. ಸೌಟು ಹಿಡಿದ ಕೈ ಆಡಿಸುತ್ತ, ಕಣ್ಣು ಒರೆಸಿಕೊಳ್ಳುತ್ತ, ಒಂದೇ ಉಸಿರಿನಲ್ಲಿ ಬೈದಳು. ನನ್ನ ಸೋದರತ್ತೆ ಬೈಯುವ ಧಾಟಿಯೇ. ಪಟ್ಟಿ ಇಲ್ಲದೆ ನನಗೆ ಎಲ್ಲ ಅರ್ಥವಾಯಿತು.

ಬೈಯುತ್ತಲೇ ಎಲೆ ಹಾಕಿದಳು. ಅನ್ನ, ನುಗ್ಗೆಕಾಯಿ ಸಾರು, ಹುರಿದ ಮೀನು. ನಾವು ತಲೆ ಎತ್ತದೆ ಉಂಡೆವು. ಮತ್ತೆ ಅನ್ನ ಬಡಿಸಲು ಬಂದಾಗ ಅಪ್ಪನ ಕೈ ಅಭ್ಯಾಸಬಲದಿಂದ ಎದೆಗೆ ಹೋಗಿ, ವೇಂಡಾಂ ಎಂದೇಬಿಟ್ಟ. ಆಕೆಯ ಸೌಟು ಅಲ್ಲೇ ನಿಂತಿತು. ಅಪ್ಪ ಗಾಬರಿಯಾಗಿ ವೇಣುಂ, ವೇಣುಂ ಎಂದು ಎಲೆಯನ್ನೇ ಮುಂದಕ್ಕೆ ದೂಡಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕೂಲಿಯವರು ನಕ್ಕರು. ಆಕೆಯೂ ನಕ್ಕಳು. ಅಷ್ಟು ರುಚಿಯಾದ ಊಟ ನಾನು ಮತ್ತೆ ಮಾಡಿಲ್ಲ ಎಂದರೆ ನನ್ನ ಅವ್ವ ಬೇಸರ ಮಾಡಿಕೊಳ್ಳಬಾರದು.

ಸಂಜೆ ಗಾರ್ಡ್ ಅವರ ಫೋನು ಬಂತು. ನನ್ನ ಕೊಡದ ನೀರು ಮುಟ್ಟದವರು ನನ್ನ ಒಲೆಯ ಕೆಳಗೆ ಕಲ್ಲು ಇಡುವುದು ಬೇಡ ಎಂದು ಹೆಂಡತಿ ಅತ್ತಿದ್ದಳು ಎಂದು ಹೇಳಿದರು. ಕಲ್ಲಿನ ಊರಿನವರನ್ನು ಕರೆಸುತ್ತೇನೆ ಎಂದು ಹಟ ಮಾಡಿದ್ದು ತಾನು, ಅದಕ್ಕೆ ತನಗೂ ಬಹಳ ನೋವಾಗಿತ್ತು ಎಂದರು. ನಮ್ಮ ಕಡೆಯ ಮೂರು ಕರೆಯ ಪದ್ಧತಿಯನ್ನು ಅಪ್ಪ ಹಿಂದಿಯಲ್ಲಿ ವಿವರಿಸಿದ. ಅವರು ಅದನ್ನು ಹೆಂಡತಿಗೆ ತಮಿಳಿನಲ್ಲಿ ಹೇಳಿದರು. ಆಕೆ ಕೊಟ್ಟ ಉತ್ತರ ತಿರುಗಿ ಬಂತು, ನಾವು ಒಂದೇ ಸಲ ಕೇಳಿದರೂ ಮನಸ್ಸಿನಿಂದಲೇ ಕೇಳುತ್ತೇವೆ, ಬೇಡ ಎಂದವರನ್ನು ಮತ್ತೆ ಮತ್ತೆ ಕೇಳಿದರೆ ಅವರ ಮಾತನ್ನು ನಂಬದ ಹಾಗಾಗುವುದಿಲ್ಲವೇ. ನಮ್ಮ ರೀತಿಯೇ ರೀತಿ ಎಂದು ನಾನು ಬೀಗುತ್ತಿದ್ದೆ. ನಮ್ಮದೂ ಸರಿ, ಆಕೆಯದೂ ಸರಿ. ನಡುವೆ ಅನ್ನ ಆರಿಹೋಗಿತ್ತು.

ಅಡಿಗೆಮನೆಯ ಕೆಲಸ ನಾಲ್ಕು ದಿನ ಹಿಡಿಯಿತು. ಅಷ್ಟು ಹಿಡಿಯುವ ಕೆಲಸವಾಗಿರಲಿಲ್ಲ. ಒಲೆಯ ಮುಂದೆ, ಆಕೆ ದಿನವೂ ನಿಲ್ಲುವ ಜಾಗಕ್ಕೆ, ಅಪ್ಪ ಇದ್ದುದರಲ್ಲೇ ಅತಿ ದೊಡ್ಡ ಕಲ್ಲನ್ನು ಇಟ್ಟ, ಕಾಲಿಗೆ ಎಲ್ಲೂ ಸಂದು ತಾಗದ ಹಾಗೆ. ಅದನ್ನು ನುಣುಪು ಮಾಡಲು ಒಂದು ದಿನ ಪೂರ್ತಿ ಕಳೆದ. ನಾಲ್ಕೂ ದಿನ ಮೂರು ಹೊತ್ತು ಆಕೆ ಒಂದೇ ಸಲ ಕರೆದಳು, ನಾವು ಒಂದೇ ಸಲಕ್ಕೆ ಎದ್ದು ಹೋದೆವು. ನಾನು ಬಾಟಲಿ ನೀರು ಬಿಟ್ಟು ಕೊಡದ ನೀರು ಕುಡಿದೆ. ಹೊಟ್ಟೆ ಏನೂ ಕೆಡಲಿಲ್ಲ. ಹೊರಡುವ ದಿನ ಹುಣಸೆ ಅನ್ನದ ಡಬ್ಬಿ ಕೊಟ್ಟಾಗ ಅಪ್ಪ ಎರಡೂ ಕೈ ಚಾಚಿ ತೆಗೆದುಕೊಂಡ. ಹಸಿವಾಗುತ್ತಿದೆ ಎನ್ನುವುದನ್ನು ಆಕೆಯಿಂದಲೇ ಕೇಳಿ ಇಪ್ಪತ್ತಮೂರನೆಯದಾಗಿ ಬರೆದುಕೊಂಡೆ. 'ಪಸಿಕ್ಕುದು.'

ಶಾಲೆ ಶುರುವಾದ ಮೇಲೆ ನನ್ನ ಪಾಠವೂ ಸ್ವಲ್ಪ ಬದಲಾಯಿತು. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಮೊದಲ ಸಲ ಬಂದಾಗ ನಾನು ಕಲಿಸುತ್ತಿದ್ದ ಕನ್ನಡ, ಹಾಜರಿ ಟೀಚರ್, ಒಳಗೆ ಬರಲೇ ಟೀಚರ್, ಇಂಥವು. ಈಗ ಮೊದಲ ವಾರ ಕಲಿಸುವುದು ನನಗೆ ಹಸಿವಾಗಿದೆ, ನನಗೆ ನೀರು ಬೇಕು, ನನಗೆ ಇನ್ನಷ್ಟು ಬೇಕು. ಬಿಸಿಯೂಟದ ಸಾಲಿನಲ್ಲಿ ಅವರು ಅದನ್ನು ಗಟ್ಟಿಯಾಗಿ ಹೇಳುತ್ತಾರೆ. ಅಡಿಗೆಯವಳು ನಿಮ್ಮ ಮಕ್ಕಳಿಗೆ ನಾಚಿಕೆಯೇ ಇಲ್ಲ ಟೀಚರ್ ಎಂದು ದೂರುತ್ತಾಳೆ. ಇರಬಾರದು ಎಂದೇ ಕಲಿಸಿದ್ದೇನೆ.

ತಮಿಳುನಾಡಿನ ಆ ಮನೆಯಾಕೆ, ನನಗೀಗ ಅಕ್ಕ, ಈಗಲೂ ಹದಿನೈದು ದಿನಕ್ಕೊಮ್ಮೆ ಫೋನು ಮಾಡುತ್ತಾಳೆ. ಅಪ್ಪ ಆಕೆಗೆ ಒಂದು ಕನ್ನಡ ಮಾತು ಕಲಿಸಿ ಬಂದಿದ್ದಾನೆ. ಫೋನು ಎತ್ತಿದ ಕೂಡಲೇ ಆಕೆ ಹೇಳುವುದು ಅದನ್ನೇ, ಊಟಾ ಆತೇನ್ರಿ ಅಣ್ಣಾ. ನಮ್ಮ ಕಡೆ ಈ ಪ್ರಶ್ನೆಗೆ ಒಂದೇ ಉತ್ತರ. ಉಂಡಿರಲಿ, ಬಿಡಲಿ, ಆತ್ರಿ ಎನ್ನಬೇಕು. ಹೋದ ಭಾನುವಾರ ನಾನು ಶಹಾಬಾದಿನಲ್ಲಿದ್ದೆ. ಮಧ್ಯಾಹ್ನವಾಗಿತ್ತು, ಅವ್ವ ಇನ್ನೂ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಖಾಲಿ ತಾಟಿನ ಮುಂದೆ ಕೂತಿದ್ದ. ಫೋನು ಬಂತು. ಅಕ್ಕ ಕೇಳಿದಳು. ಅಪ್ಪ ಒಮ್ಮೆ ಅವ್ವನ ಕಡೆ ನೋಡಿದ.

"ಇಲ್ಲ ತಂಗಿ, ಇನ್ನಾ ಇಲ್ಲ. ಹಸಿವ್ಯಾಗ್ಯಾದ," ಅಂದ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಪರರ ಮುಂದೆ ಇದೇನು ಆಡುತ್ತಾನೆ ಎಂಬಂತೆ ಬಾಯಿ ತೆರೆದಳು. ಅಷ್ಟರಲ್ಲಿ ಫೋನಿನ ಆ ಕಡೆಯಿಂದ ತಮಿಳಿನಲ್ಲಿ ಬೈಗುಳ ಶುರುವಾಯಿತು. ಅದು ತನಗೇ ಎಂದು ಅವ್ವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ತವೆಯ ಮೇಲಿನ ಬಿಸಿ ರೊಟ್ಟಿ ತೆಗೆದು ಅಪ್ಪನ ತಾಟಿಗೆ ಹಾಕಿದಳು.